‘ದಾದಿ’ಯಿಂದ ‘ಶುಶ್ರೂಷಕಿ’ಯವರೆಗೆ

ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ನಿಲ್ದಾಣದಲ್ಲಿ ಬಸ್ಸಿಳಿದು ಬಸವೇಶ್ವರನಗರದ ಕಡೆಗೆ ನಡೆದುಹೋಗುವವರು ದಾರಿಯ ಫಲಕಗಳನ್ನು ಓದುತ್ತ ಸಾಗಿದರೆ, ಒಂದೇ ಪದವು ನಾಲ್ಕು ವೇಷ ಧರಿಸಿ ನಿಂತಿರುವುದನ್ನು ಕಾಣಬಹುದು. ಒಂದು ಕಡೆ ‘ನರ್ಸಿಂಗ್ ಹೋಮ್’. ಇನ್ನೊಂದು ಕಡೆ ಮೂರು ವರ್ಷದ ಮಕ್ಕಳ ‘ನರ್ಸರಿ’ ಶಾಲೆ. ಖಾಲಿ ನಿವೇಶನದಲ್ಲಿ ಗುಲಾಬಿ, ದಾಸವಾಳದ ಸಸಿಗಳನ್ನು ಮಾರುವ ಮತ್ತೊಂದು ‘ನರ್ಸರಿ’. ವಿದ್ಯುತ್ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ, ವೃದ್ಧರನ್ನೂ ರೋಗಿಗಳನ್ನೂ ಮನೆಗೆ ಬಂದು ನೋಡಿಕೊಳ್ಳುವ ‘ಹೋಮ್ ನರ್ಸಿಂಗ್’. ದಿನವೂ ಕಣ್ಣಿಗೆ ಬೀಳುವ ಈ ಫಲಕಗಳ ಮುಂದೆ ನಿಂತು, ರೋಗಿಗೂ ಮಗುವಿಗೂ ಸಸಿಗೂ ಏನು ಸಂಬಂಧವೆಂದು ನಾವು ಕೇಳಿಕೊಳ್ಳುವುದು ಕಡಿಮೆ.

ಉತ್ತರ ಆ ಪದದ ಮೂಲದಲ್ಲಿಯೇ ಇದೆ. ಇಂಗ್ಲಿಷಿನ ‘ನರ್ಸ್’ ಎಂಬುದು ಹಳೆಯ ಫ್ರೆಂಚ್ ಭಾಷೆಯ ಮೂಲಕ ಬಂದ ಲ್ಯಾಟಿನ್ ಪದ. ಲ್ಯಾಟಿನ್ನಿನಲ್ಲಿ ‘ನೂಟ್ರಿಕ್ಸ್’ ಎಂದರೆ ಮೊಲೆಯೂಡಿಸುವವಳು. ಆಹಾರದ ಸತ್ತ್ವವನ್ನು ಕುರಿತು ನಾವು ಇಂದು ಆಡುವ ‘ನ್ಯೂಟ್ರಿಷನ್’ ಎಂಬ ಮಾತೂ ಅದೇ ಬುಡದ ಚಿಗುರು. ತನ್ನ ಕಾಲ ಮೇಲೆ ತಾನು ನಿಲ್ಲಲಾರದ ಜೀವವನ್ನು, ನಿಲ್ಲುವಷ್ಟಾಗುವವರೆಗೆ ಉಣಿಸಿ ಕಾಯುವುದು ಆ ಪದದ ಒಡಲಿನಲ್ಲಿರುವ ಅರ್ಥ. ರೋಗಿಯನ್ನು ನೋಡಿಕೊಳ್ಳುವುದೆಂಬ ಅರ್ಥ ಅದಕ್ಕೆ ಸೇರಿಕೊಂಡದ್ದು ಬಹಳ ತಡವಾಗಿ, ಸುಮಾರು 16ನೆಯ ಶತಮಾನದ ಕೊನೆಯ ವೇಳೆಗೆ.

ನಮ್ಮ ‘ದಾದಿ’ಯ ಕಥೆಯೂ ಹೀಗೆಯೇ ಇದೆ. ಇದು ಸಂಸ್ಕೃತದ ‘ಧಾತ್ರಿ’ಯ ತದ್ಭವ. ‘ಧೇ’ ಎಂಬ ಧಾತುವಿಗೆ ಹೀರು, ಕುಡಿ ಎಂದರ್ಥ. ಕರುವಿಗೆ ಹಾಲೂಡುವ ‘ಧೇನು’ವೂ ಈ ಧಾತುವಿನಿಂದಲೇ ಹುಟ್ಟಿದವಳು. ಅಮರಕೋಶವು ‘ಧಾತ್ರಿ’ಗೆ ಮೂರು ಅರ್ಥಗಳನ್ನು ಕೊಡುತ್ತದೆ: ಉಪಮಾತೆ, ಭೂಮಿ ಮತ್ತು ನೆಲ್ಲಿ. ಎದೆಹಾಲು ಕೊಡುವವಳು, ಅನ್ನ ಕೊಡುವವಳು, ಔಷಧ ಕೊಡುವವಳು ಮೂವರನ್ನೂ ನಮ್ಮ ಹಿರಿಯರು ಒಂದೇ ಹೆಸರಿನಿಂದ ಕರೆದರು. (ಹಿಂದಿಯಲ್ಲಿ ತಂದೆಯ ತಾಯಿಯನ್ನು ‘ದಾದಿ’ ಎನ್ನುವುದುಂಟು. ಅದು ಬೇರೆಯ ಪದ.) ಸಾವಿರಾರು ಮೈಲಿ ದೂರದ ಎರಡು ನಾಡುಗಳು ಒಬ್ಬರಿಂದೊಬ್ಬರು ಕೇಳದೆಯೇ ಈ ಕಾಯಕಕ್ಕೆ ತಾಯಿಯ ಹಾಲಿನಿಂದ ಹೆಸರನ್ನು ತೆಗೆದವು ಎಂಬುದು ಗಮನಿಸಬೇಕಾದ ಸಂಗತಿ.

ಇಂತಹ ಪದವನ್ನು ಹೇಳುವಾಗ ಇಂದು ನಮ್ಮ ದನಿಯೇಕೆ ತಗ್ಗುತ್ತದೆ? ನಾನು ಈ ಪದಗಳ ಬೆನ್ನು ಹತ್ತಲು ಕಾರಣವಾದುದೇ ಆ ಪ್ರಶ್ನೆ. ವಿಜಯನಗರದಲ್ಲಿ ನೆಲೆಸಿರುವ ನನ್ನ ಸೋದರಳಿಯನು ಕೆಲವು ತಿಂಗಳ ಹಿಂದೆ ಮನೆಗೆ ಬಂದು ತನ್ನ ಮಗಳ ವಿಚಾರ ತೆಗೆದನು. ಪಿ.ಯು.ಸಿ. ಮುಗಿಸಿದ ಆ ಹುಡುಗಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದಿದ್ದಳು. ಅಂಕಗಳು ಚೆನ್ನಾಗಿದ್ದವು. ಮನೆಯವರ ಮನಸ್ಸಿನಲ್ಲಿ ಇಂಜಿನಿಯರಿಂಗ್ ಇತ್ತು. “ಮಾವ, ನೀವು ಓದಿಕೊಂಡವರು, ನೀವಾದರೂ ಅವಳಿಗೆ ಬುದ್ಧಿ ಹೇಳಿ. ದಾದಿ ಕೆಲಸಕ್ಕೆ ಸೇರಿದರೆ ನಾಳೆ ಹೆಣ್ಣು ಕೇಳಿಕೊಂಡು ನಮ್ಮ ಮನೆಗೆ ಯಾರು ಬರುತ್ತಾರೆ? ಕಂಡವರ ಮಲಮೂತ್ರ ಬಳಿಯುವುದಕ್ಕೇ ಇವಳನ್ನು ಓದಿಸಿದ್ದು?” ಎಂದನು. ಅವನ ಮಾತಿನಲ್ಲಿ ದುರಹಂಕಾರವಿರಲಿಲ್ಲ. ಮಗಳನ್ನು ಹೆತ್ತ ತಂದೆಯ ದಿಗಿಲಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳಿಬರುತ್ತಿರುವುದರಿಂದ ಅವನಿಗೆ ಹೇಳಿದ್ದನ್ನು ಇಲ್ಲಿ ಎಲ್ಲ ಬಂಧುಗಳ ಮುಂದಿಡುತ್ತಿದ್ದೇನೆ.

ಒಂದು ಕಾಯಕದ ಹೆಸರು ಮೇಲೇರುವುದೂ ಕೆಳಗಿಳಿಯುವುದೂ ಅದನ್ನು ಹಿಡಿದವರನ್ನು ಲೋಕ ಹೇಗೆ ಕಾಣುತ್ತದೆ ಎಂಬುದನ್ನು ಅವಲಂಬಿಸಿದೆ. ‘ಆಯಾ’ ಎಂಬ ಪದವನ್ನು ನೋಡೋಣ. ಅದು ಪೋರ್ಚುಗೀಸರು ತಂದುಕೊಟ್ಟ ‘ಐಯಾ’, ಮಗುವನ್ನು ಸಾಕುವವಳು. ಅರ್ಥದಲ್ಲಿ ಅದಕ್ಕೂ ‘ನರ್ಸ್’ ಎಂಬುದಕ್ಕೂ ‘ದಾದಿ’ಗೂ ಹೆಚ್ಚಿನ ಅಂತರವಿರಲಿಲ್ಲ. ಆದರೂ ನಮ್ಮ ಆಸ್ಪತ್ರೆಗಳ ಮೆಟ್ಟಿಲುಗಳಲ್ಲಿ ‘ನರ್ಸ್’ ಮೇಲೆ ನಿಂತಳು, ‘ಆಯಾ’ ಕೆಳಗೆ ನೆಲ ಒರೆಸುತ್ತ ಉಳಿದಳು. ‘ಸಿಸ್ಟರ್’ ಎಂಬ ಸಂಬೋಧನೆ ಇನ್ನೊಂದು ದಾರಿಯಿಂದ ಬಂದಿತು. ರೋಗಿಗಳ ಸೇವೆಯನ್ನು ವ್ರತವಾಗಿ ಹಿಡಿದ ಕ್ರೈಸ್ತ ಸಂನ್ಯಾಸಿನಿಯರನ್ನು ‘ಸಿಸ್ಟರ್’ ಎನ್ನುತ್ತಿದ್ದರು. ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದವರು ಗುಡ್ ಶೆಪರ್ಡ್ ಪಂಥದ ಇಂತಹ ಸಂನ್ಯಾಸಿನಿಯರೇ. ಕಾಲಕ್ರಮದಲ್ಲಿ ಆ ಹೆಸರು ಸಂಸಾರವಂತೆಯರಾದ ದಾದಿಯರಿಗೂ ಸಂದಿತು. ಈಗ ಈ ವೃತ್ತಿಯಲ್ಲಿ ಗಂಡಸರೂ ಇರುವುದರಿಂದ ವಾರ್ಡುಗಳಲ್ಲಿ ‘ಬ್ರದರ್’ ಎಂಬ ಕರೆಯೂ ಕೇಳಿಸುತ್ತದೆ.

ನಮ್ಮ ಹಳ್ಳಿಗಳಿಗೆ ಬಂದರೆ ಅಲ್ಲಿ ‘ಸೂಲಗಿತ್ತಿ’ ಇದ್ದಾಳೆ. ‘ಸೂಲು’ ಎಂದರೆ ಹೆರಿಗೆ. ‘ಒಕ್ಕಲಗಿತ್ತಿ’, ‘ಹೂವಾಡಗಿತ್ತಿ’ ಎನ್ನುವಲ್ಲಿರುವ ಪ್ರತ್ಯಯವೇ ಇಲ್ಲಿಯೂ ಇದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಶಾಲೆಗೆ ಹೋದವರಲ್ಲ. ಹಣ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರ್ 25ರಂದು ನಮ್ಮ ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ ಅವರು ಕೊನೆಯುಸಿರೆಳೆದರು. ಪತ್ರಿಕೆಗಳು ಅವರನ್ನು ಕರೆದದ್ದು ‘ಸೂಲಗಿತ್ತಿ ನರಸಮ್ಮ’ ಎಂದೇ. ಕಾಯಕದ ಹೆಸರು ಬಿರುದಾಯಿತು. ಹಳ್ಳಿಯ ಜನ ಆರೋಗ್ಯ ಕೇಂದ್ರದ ನರ್ಸನ್ನು ‘ನರ್ಸಮ್ಮ’ ಎಂದು ಕರೆಯುವುದನ್ನು ನೀವು ಕೇಳಿರಬಹುದು. ಪರದೇಶದ ಪದಕ್ಕೆ ‘ಅಮ್ಮ’ನನ್ನು ಸೇರಿಸಿ, ಲ್ಯಾಟಿನ್ನಿನಲ್ಲಿ ಕಳೆದುಹೋಗಿದ್ದ ತಾಯಿಯನ್ನು ನಮ್ಮ ಜನ ತಿಳಿಯದೆಯೇ ಮರಳಿ ತಂದಿದ್ದಾರೆ.

ಶಾಸ್ತ್ರ ಏನು ಹೇಳುತ್ತದೆ ಎಂಬುದನ್ನೂ ನೋಡಬೇಕು. ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಮೂರನೆಯ ‘ಉಪಸ್ಥಾತೃ’ ಎಂದರೆ ಹತ್ತಿರ ನಿಲ್ಲುವವನು. ಅವನಿಗಿರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಮಂಚದ ನಾಲ್ಕು ಕಾಲುಗಳಲ್ಲಿ ಒಂದು ಮುರಿದರೂ ಮಂಚ ನಿಲ್ಲದು. ಆದುದರಿಂದ ಶುಶ್ರೂಷೆ ವೈದ್ಯವೃತ್ತಿಯ ಬಾಲವೆಂದು ತಿಳಿಯುವುದಕ್ಕೆ ಶಾಸ್ತ್ರದ ಒಪ್ಪಿಗೆಯಿಲ್ಲ. ಇದು ಹೆಂಗಸರಿಗೇ ಮೀಸಲಾದ ಕೆಲಸವೆಂಬುದಕ್ಕೂ ಅಲ್ಲಿ ಆಧಾರ ಕಾಣದು. ‘ಉಪಸ್ಥಾತೃ’ ಎಂಬುದು ಪುಲ್ಲಿಂಗ ಶಬ್ದ.

‘ಉಪ’ ಎಂಬ ಉಪಸರ್ಗದ ಬಗ್ಗೆ ಒಂದು ಮಾತು ಹೇಳಬೇಕು. ಉಪಸ್ಥಾತೃ, ಉಪಚಾರ, ಉಪಮಾತೆ ಎಲ್ಲದರಲ್ಲಿಯೂ ಅದರ ಮುಖ್ಯಾರ್ಥ ‘ಸಮೀಪ’. ನಾವು ಉಪಾಧ್ಯಕ್ಷ, ಉಪನಿರ್ದೇಶಕ ಎಂದು ಬಳಸಿ ಬಳಸಿ ‘ಉಪ’ ಎಂದರೆ ಎರಡನೆಯ ದರ್ಜೆ ಎಂಬ ಭಾವನೆಗೆ ಒಗ್ಗಿಕೊಂಡಿದ್ದೇವೆ. ‘ಹತ್ತಿರ’ ಇರುವವರನ್ನು ‘ಕೆಳಗೆ’ ಇರುವವರೆಂದು ಓದಿಕೊಂಡೆವು. ದಾದಿಯ ವಿಷಯದಲ್ಲಿ ಸಮಾಜ ಎಡವಿದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ಅಚ್ಚಗನ್ನಡದ ‘ಆರೈಕೆ’ಯನ್ನು ಮರೆಯಬಾರದು. ಹಳಗನ್ನಡದಲ್ಲಿ ‘ಆರಯ್’ ಎಂದರೆ ಹುಡುಕು, ಕೂಲಂಕಷವಾಗಿ ನೋಡು, ಪರೀಕ್ಷಿಸು. ಕಣ್ಣಿಟ್ಟು ನೋಡುವುದೇ ಆರೈಕೆ. ‘ಪರಿಚಾರಕ’ ಎಂದರೆ ಸುತ್ತ ನಡೆದಾಡುವವನು. ಹೀಗೆ ನಮ್ಮ ಪದಗಳು ಈ ಕಾಯಕಕ್ಕೆ ಒಂದೊಂದು ಅಂಗವನ್ನು ದುಡಿಮೆಗೆ ಹಚ್ಚಿವೆ: ದಾದಿಗೆ ಎದೆ, ಆರೈಕೆಗೆ ಕಣ್ಣು, ಪರಿಚರ್ಯೆಗೆ ಕಾಲು. ಇನ್ನು ಕಿವಿಯೊಂದು ಉಳಿಯಿತು. ಅದೇ ‘ಶುಶ್ರೂಷೆ’.

ಈ ಪದದ ವ್ಯುತ್ಪತ್ತಿಯನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ನಮಗೆ ವ್ಯಾಕರಣ ಹೇಳುತ್ತಿದ್ದ ಹಿರಿಯ ಪಂಡಿತರು ತಮ್ಮ ಕೊನೆಯ ವರ್ಷದಲ್ಲಿ ಹಾಸಿಗೆ ಹಿಡಿದಿದ್ದರು. ನಾವು ಹುಡುಗರು ಸರದಿಯ ಮೇಲೆ ರಾತ್ರಿ ಅವರ ಬಳಿ ಮಲಗುತ್ತಿದ್ದೆವು. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ಒಗೆಯುವುದು ನಮ್ಮ ಪಾಲಿನ ಕೆಲಸ. ಒಂದು ರಾತ್ರಿ ಅವರು ನೀರು ಕುಡಿದು, “ನೀನೀಗ ಮಾಡುತ್ತಿರುವುದಕ್ಕೆ ಏನೆನ್ನುತ್ತಾರೆ?” ಎಂದು ಕೇಳಿದರು. “ಗುರುಶುಶ್ರೂಷೆ” ಎಂದೆ. “ಧಾತು ಯಾವುದು?” ಎಂದರು. ಹಾಸಿಗೆ ಹಿಡಿದರೂ ಪಾಠ ಬಿಟ್ಟವರಲ್ಲ. ಆ ರಾತ್ರಿ ಅವರೇ ಬಿಡಿಸಿ ಹೇಳಿದರು. ‘ಶ್ರು’ ಎಂದರೆ ಕೇಳು. ಅದಕ್ಕೆ ಇಚ್ಛೆಯ ಅರ್ಥವನ್ನು ಕೊಡುವ ‘ಸನ್’ ಪ್ರತ್ಯಯ ಸೇರಿ ‘ಶುಶ್ರೂಷಾ’ ಆಯಿತು. ತಿಳಿಯುವ ಇಚ್ಛೆ ಜಿಜ್ಞಾಸೆ, ಕುಡಿಯುವ ಇಚ್ಛೆ ಪಿಪಾಸೆ, ಕೇಳುವ ಇಚ್ಛೆ ಶುಶ್ರೂಷೆ. ಗುರುವಿನ ಮಾತು ಕೇಳಬೇಕೆಂದು ಹತ್ತಿರ ಇದ್ದವನು ಅವನ ಸೇವೆಯನ್ನೂ ಮಾಡಿದನು. ಹಾಗೆ ಕೇಳುವಿಕೆಯ ಪದ ಸೇವೆಯ ಪದವಾಯಿತು, ಕೊನೆಗೆ ರೋಗಿಯ ಸೇವೆಗೆ ನಿಂತಿತು. “ಮೈ ಒರೆಸುವುದು ಯಾರಿಗಾದರೂ ಬರುತ್ತದೆ. ನರಳುವವನು ಏನು ಹೇಳುತ್ತಿದ್ದಾನೆಂದು ಕೇಳುವ ಮನಸ್ಸು ಬೇಕು” ಎಂದು ಅವರು ಹೇಳಿದರು.

ಆ ಪಾಠದ ಪೂರ್ಣಾರ್ಥ ನನ್ನ ಕಣ್ಣ ಮುಂದೆ ನಡೆದದ್ದು ಬಹಳ ವರ್ಷಗಳ ಮೇಲೆ, ನಮ್ಮ ಅಕ್ಕನಿಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದಾಗ. ಅಕ್ಕ ತಿಪಟೂರು ಸೀಮೆಯ ಹಳ್ಳಿಯವಳು, ವಯಸ್ಸು ಎಂಬತ್ತರ ಹತ್ತಿರ. ಪೇಟೆಯ ಮಾತು ಅವಳಿಗೆ ಬಾರದು. ರಾತ್ರಿಪಾಳಿಯ ನರ್ಸ್ ಕೇರಳದ ಹುಡುಗಿ. ಬೆಂಗಳೂರಿಗೆ ಬಂದು ವರ್ಷ ತುಂಬಿರಲಿಲ್ಲ. ಅವಳ ಜೇಬಿನಲ್ಲಿ ಒಂದು ಸಣ್ಣ ಪುಸ್ತಕವಿತ್ತು. ಅದರಲ್ಲಿ ರೋಗಿಗಳು ನೋವಿಗೆ ಬಳಸುವ ಕನ್ನಡ ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡಿದ್ದಳು: ಉರಿ, ಚಳುಕು, ಸೆಳೆತ, ಹಿಂಡಿದಂತೆ, ಸಿಡಿದಂತೆ, ಸಂಕಟ. ನಾನು ಕನ್ನಡದ ಪಂಡಿತನೆಂದು ತಿಳಿದ ಮೇಲೆ, ಚಳುಕಿಗೂ ಸೆಳೆತಕ್ಕೂ ಏನು ಭೇದವೆಂದು ಕೇಳಿದಳು. ಕ್ಷಣಕಾಲ ಬಂದು ಮಾಯವಾಗುವುದು ಚಳುಕು, ಎಳೆದು ಹಿಡಿದುಕೊಳ್ಳುವುದು ಸೆಳೆತ ಎಂದೆ. ಬರೆದುಕೊಂಡಳು.

ಶಸ್ತ್ರಚಿಕಿತ್ಸೆಯ ಮಾರನೆಯ ರಾತ್ರಿ ಅಕ್ಕ ನರಳುತ್ತಿದ್ದಳು. ನೋವೆಂದುಕೊಂಡು ನಾವು ಮಾತ್ರೆ ಕೇಳಿದೆವು. ಆ ಹುಡುಗಿ ಮಾತ್ರೆ ತರುವ ಮೊದಲು ಅಕ್ಕನ ಮುಖದ ಹತ್ತಿರ ಬಾಗಿ, “ಎಲ್ಲಿ ಅಜ್ಜಿ? ಹೇಗೆ?” ಎಂದಳು. “ನೋವಲ್ಲ ಕಣವ್ವ, ಪಾದ ಜೋಮು ಹಿಡ್ದಂಗೈತೆ” ಎಂದಳು ಅಕ್ಕ. ‘ಜೋಮು’ ಅವಳ ಪುಸ್ತಕದಲ್ಲಿರಲಿಲ್ಲ. ನನ್ನತ್ತ ತಿರುಗಿ ಕೇಳಿದಳು. ಮುಟ್ಟಿದರೆ ಅರಿವಾಗದ ಸ್ಥಿತಿ ಎಂದೆ. ತಕ್ಷಣ ಬೆರಳುಗಳನ್ನು ಮುಟ್ಟಿ ನೋಡಿ, ಕಾಲಿನ ಹೆಬ್ಬೆರಳನ್ನು ಮೇಲೆತ್ತುವಂತೆ ಹೇಳಿ, ವೈದ್ಯರನ್ನು ಕರೆಸಿದಳು. ಮಂಡಿಯ ಕೆಳಗೆ ಕಟ್ಟು ಬಿಗಿಯಾಗಿ ನರದ ಮೇಲೆ ಒತ್ತು ಬಿದ್ದಿತ್ತು. ಅದನ್ನು ಸಡಿಲಿಸಿದ ವೈದ್ಯರು, ಬೆಳಗಿನವರೆಗೆ ಬಿಟ್ಟಿದ್ದರೆ ಪಾದದ ಚಲನೆಗೆ ತೊಂದರೆಯಾಗಬಹುದಿತ್ತು ಎಂದರು. ಮಾತ್ರೆ ನುಂಗಿಸಿದ್ದರೆ ಅಕ್ಕ ಮಲಗುತ್ತಿದ್ದಳು, ಪಾದವೂ ಮಲಗಿಬಿಡುತ್ತಿತ್ತು. ಒಂದು ಪದವನ್ನು ಕೇಳಿಸಿಕೊಂಡದ್ದರಿಂದ ಒಂದು ಕಾಲು ಉಳಿಯಿತು. ಅಂದು ಅಜ್ಜಿಯ ಜೊತೆಗಿದ್ದು ಇದನ್ನೆಲ್ಲ ನೋಡಿದವಳು ಸೋದರಳಿಯನ ಮಗಳು. ಇಂಜಿನಿಯರಿಂಗ್ ಅವಳ ಮನಸ್ಸಿನಿಂದ ಇಳಿದದ್ದು ಆ ರಾತ್ರಿಯೇ ಇರಬೇಕು.

ಮಲಮೂತ್ರ ಬಳಿಯುವ ಮಾತಿಗೂ ಉತ್ತರ ಕೊಡಬೇಕು. ಅಸಹ್ಯವೆಂಬುದು ಸುಳ್ಳಲ್ಲ. ಪಾಣಿನಿಯು ತನ್ನ ಒಂದೇ ಸೂತ್ರದಲ್ಲಿ ಗುಪ್, ತಿಜ್, ಕಿತ್ ಎಂಬ ಮೂರು ಧಾತುಗಳಿಗೆ ಮೇಲೆ ಹೇಳಿದ ‘ಸನ್’ ಪ್ರತ್ಯಯವನ್ನು ವಿಧಿಸುತ್ತಾನೆ. ಅವುಗಳಿಂದ ಆಗುವ ರೂಪಗಳು ಜುಗುಪ್ಸೆ, ತಿತಿಕ್ಷೆ, ಚಿಕಿತ್ಸೆ: ಎಂದರೆ ಹೇಸಿಗೆ, ಸಹನೆ, ರೋಗಪರಿಹಾರ. ಇದು ವ್ಯಾಕರಣದ ಕ್ರಮ ಮಾತ್ರವಾದರೂ ಆಸ್ಪತ್ರೆಯ ಪ್ರತಿಯೊಂದು ಮಂಚದ ಬಳಿ ನಡೆಯುವುದೂ ಇದೇ ಕ್ರಮದಲ್ಲಿ. ಜುಗುಪ್ಸೆಯನ್ನು ತಿತಿಕ್ಷೆಯಿಂದ ದಾಟಿದ ಮೇಲೆಯೇ ಚಿಕಿತ್ಸೆ. ಇನ್ನೂ ಒಂದು ಸ್ವಾರಸ್ಯವಿದೆ. ಈ ಮೂರರಲ್ಲಿ ‘ಸನ್’ ಪ್ರತ್ಯಯಕ್ಕೆ ಇಚ್ಛೆಯ ಅರ್ಥವಿಲ್ಲ. ‘ಶುಶ್ರೂಷೆ’ಯಲ್ಲಿ ಇದೆ. ಚಿಕಿತ್ಸೆಯನ್ನು ವಿದ್ಯೆಯಿಂದ ಮಾಡಬಹುದು. ಶುಶ್ರೂಷೆಗೆ ಮನಸ್ಸೂ ಬೇಕು.

ಮಾಗಡಿ ರಸ್ತೆಯ ಕುಷ್ಠರೋಗ ಆಸ್ಪತ್ರೆಯನ್ನು ದಾಟಿ ಮುಂದೆ ಹೋದರೆ ಸುಮನಹಳ್ಳಿ ಸಿಗುತ್ತದೆ. ಇಂದು ಅದು ಬಸ್ಸಿನ ನಿರ್ವಾಹಕರು ಕೂಗುವ ಒಂದು ನಿಲ್ದಾಣದ ಹೆಸರು. 1970ರ ದಶಕದ ಕೊನೆಯಲ್ಲಿ, ಮನೆಯವರೂ ಮುಟ್ಟಲು ಅಂಜುತ್ತಿದ್ದ ಕುಷ್ಠರೋಗಿಗಳ ಪುನರ್ವಸತಿಗಾಗಿ ಕ್ರೈಸ್ತ ಸೇವಾಸಂಸ್ಥೆಯು ಅಲ್ಲಿ ನೆಲೆ ಹೂಡಿತು. ‘ಸುಮನ’ ಎಂದರೆ ಒಳ್ಳೆಯ ಮನಸ್ಸು. ಆ ದಾರಿಯಲ್ಲಿ ಓಡಾಡುವ ಸಾವಿರಾರು ಜನ ಟಿಕೆಟ್ ಕೇಳುವಾಗ ದಿನವೂ ಆ ಮನಸ್ಸಿನ ಹೆಸರು ಹೇಳುತ್ತಾರೆ.

ನಮ್ಮ ಪರಂಪರೆಗೂ ಇದು ಹೊಸತಲ್ಲ. ಬಸವಪುರಾಣದ ಬೆಜ್ಜಮಹಾದೇವಿಯನ್ನು ನೆನೆಯಿರಿ. ಶಿವನಿಗೆ ತಾಯಿಯಿಲ್ಲವೆಂದು ಮರುಗಿ ತಾನೇ ತಾಯಿಯಾಗಿ ಎಣ್ಣೆಯೊತ್ತಿ, ಎರೆದು, ಹಾಲೂಡಿದ ಮುಗ್ಧಭಕ್ತೆ ಆಕೆ. ಶಿವನು ಕಾಯಿಲೆ ಬಂದಂತೆ ನಟಿಸಿ ಹಾಲು ಬಿಟ್ಟಾಗ ಅವಳು ಪಟ್ಟ ಸಂಕಟಕ್ಕೆ ದೇವರೇ ಸೋತನು. ಹನ್ನೆರಡನೆಯ ಶತಮಾನದ ಶರಣರ ನಡುವೆ ವೈದ್ಯ ಸಂಗಣ್ಣನಿದ್ದನು, ವೈದ್ಯವೇ ಅವನ ಕಾಯಕ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು, ಮನೆಯ ಪಡಸಾಲೆಯಲ್ಲಿ ಮಗಳ ಮದುವೆಯ ಮಾತು ಬಂದಾಗ ಹಿಂಜರಿಯುವುದು ಸರಿಯೇ?

ಹಾಗೆಂದು ಹೊಗಳಿಕೆಯಿಂದ ಹೊಟ್ಟೆ ತುಂಬದು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿಯ ಶಾಲೆ ತೆರೆದು ಇದನ್ನು ಕಲಿತು ಮಾಡುವ ವೃತ್ತಿಯಾಗಿಸಿದರು. ‘ನರ್ಸಿಂಗ್’ ಎಂಬ ಪದ ಮದ್ದು ಕೊಡುವುದಕ್ಕೂ ಪಟ್ಟು ಹಾಕುವುದಕ್ಕೂ ಕುಗ್ಗಿಹೋಗಿದೆ, ಗಾಳಿ, ಬೆಳಕು, ಶುಚಿತ್ವ, ನಿಶ್ಶಬ್ದ, ಆಹಾರ ಎಲ್ಲವೂ ಅದರೊಳಗೆ ಬರಬೇಕು ಎಂದು ಅವರು ಬರೆದರು. ಅವರು ಹುಟ್ಟಿ 200 ವರ್ಷವಾದ 2020ನ್ನು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು. ಆ ವರ್ಷವೇ ಕೊರೋನಾ ಬಂದಿತು. ನಾವು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು, ಅವರು ಒಳಗೆ ನಿಂತು ದುಡಿದರು. ‘ತಾಯಿ’, ‘ದೇವತೆ’ ಎಂದು ಕರೆದು ಸಂಬಳದ ಮಾತು ಬಂದಾಗ ಮುಖ ತಿರುಗಿಸುವುದು ಗೌರವವಲ್ಲ. 2016ರಲ್ಲಿ ಕೇಂದ್ರ ಸರ್ಕಾರವು ‘ಸ್ಟಾಫ್ ನರ್ಸ್’ ಎಂಬ ಪದನಾಮವನ್ನು ‘ನರ್ಸಿಂಗ್ ಆಫೀಸರ್’ ಎಂದು ಬದಲಿಸಿತು. ಕನ್ನಡದಲ್ಲಿಯೂ ‘ಶುಶ್ರೂಷಾಧಿಕಾರಿ’ ಎಂಬ ಪದ ಬಳಕೆಗೆ ಬಂದಿದೆ. ಶಾಸ್ತ್ರಗಳಲ್ಲಿ ‘ಅಧಿಕಾರಿ’ ಎಂದರೆ ಅರ್ಹತೆ ಪಡೆದವನು. ಕೇಳುವ ಅರ್ಹತೆ ಪಡೆದವರು ಎಂದು ಅದನ್ನು ಓದಿದರೆ ಅದು ಒಳ್ಳೆಯ ಪದವೇ.

ಸೋದರಳಿಯನಿಗೆ ನಾನು ಈ ಮಾತುಗಳನ್ನು ಹೇಳಿ, ಹುಡುಗಿಗೆ ಬುದ್ಧಿ ಹೇಳುವ ಕೆಲಸವನ್ನು ಒಪ್ಪಿಕೊಳ್ಳಲಿಲ್ಲ. ರಾತ್ರಿಪಾಳಿಯ ದಣಿವು, ಬೆನ್ನುನೋವು, ರೋಗಿಯ ಕಡೆಯವರ ಒರಟುತನ ಎಲ್ಲವನ್ನೂ ಮೊದಲೇ ತಿಳಿದು ಹೋಗೆಂದು ಅವಳಿಗೆ ಹೇಳಿದ್ದುಂಟು. ಅರ್ಜಿಗೆ ತಂದೆ ಸಹಿ ಹಾಕಿದ್ದಾನೆ. ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ. ಅದಕ್ಕೆ ಕಾಲ ಬೇಕು.

ಓದುಗ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೇ. ನಿಮ್ಮ ಮನೆಯ ಮಗಳೋ ಮಗನೋ ಈ ಕಾಯಕವನ್ನು ಬಯಸಿದರೆ ನೆಂಟರೇನೆನ್ನುವರೆಂದು ಅಂಜಬೇಡಿ. ನಿಮ್ಮ ಮಗನಿಗೆ ಹೆಣ್ಣು ಹುಡುಕುವಾಗ ‘ನರ್ಸಂತೆ’ ಎಂದು ಮೂಗು ಮುರಿಯಬೇಡಿ. ಆಸ್ಪತ್ರೆಗೆ ಹೋದಾಗ ಬೆರಳು ಚಿಟಿಕೆ ಹೊಡೆದು ಕರೆಯಬೇಡಿ, ಹೆಸರು ಕೇಳಿ ಕರೆಯಿರಿ. ಮನೆಯಲ್ಲಿ ವೃದ್ಧರಿದ್ದರೆ ಔಷಧದ ಜೊತೆಗೆ ಅವರ ಮಾತಿಗೂ ದಿನಕ್ಕಿಷ್ಟು ಹೊತ್ತು ಇಡಿ. ಕೇಳುವ ಇಚ್ಛೆಯಿದ್ದಲ್ಲಿ ಶುಶ್ರೂಷೆ ಆಗಲೇ ಆರಂಭವಾಗಿರುತ್ತದೆ.